ವರ್ಷಗಟ್ಟಲೆ ಕಪ್ಪು ಡೈ ಹಾಕಿದ ಕೂದಲನ್ನು ಕಂದು ಬಣ್ಣಕ್ಕೆ ತರುವುದು ಹೇಗೆ?

ವಾಕಡ್ ಕನ್ನಡತಿ, ಪುಣೆ:

ಎಲ್ಲರಿಗೂ ನಮಸ್ಕಾರ. ಕೂದಲಿನ ಬಣ್ಣದ ಕೆಲಸ ಬಲ್ಲವರು ದಯವಿಟ್ಟು ದಾರಿ ತೋರಿಸಿ.

ಕೂದಲು ಬೆನ್ನಿನ ಮಧ್ಯದವರೆಗಿದೆ. ಮೂರು ವರ್ಷದಿಂದ ಪೆಟ್ಟಿಗೆಯ ಕ್ರೀಮ್ ಡೈ, 1ನೇ ನಂಬರಿನ ಕಪ್ಪು, ಪ್ರತಿ ಸಲವೂ ಬುಡದಿಂದ ತುದಿಯವರೆಗೆ. ಅದಕ್ಕೂ ಮೊದಲು ಅಂಗಡಿಯ ಕಪ್ಪು ಮೆಹೆಂದಿ ಪುಡಿ. ಆ ಪೊಟ್ಟಣ ಈಗಿಲ್ಲ, ಅದರಲ್ಲಿ ಏನೇನಿತ್ತೋ ತಿಳಿಯದು. ಸ್ಮೂದನಿಂಗ್, ಕೆರಾಟಿನ್ ಯಾವುದೂ ಮಾಡಿಸಿಲ್ಲ. ಮುಂದಲೆಯಲ್ಲೂ ಕಿವಿಯ ಪಕ್ಕದಲ್ಲೂ ಮೂರರಲ್ಲೊಂದು ಪಾಲು ಬಿಳಿಕೂದಲು. ಕಪ್ಪು ಹಾಕಿದ ಎರಡೇ ವಾರಕ್ಕೆ ಬೈತಲೆಯಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ. ಕಂದು ಬಣ್ಣಕ್ಕೆ ಹೋದರೆ ಅದು ಇಷ್ಟು ಕಣ್ಣಿಗೆ ಹೊಡೆಯುವುದಿಲ್ಲ ಎಂಬುದೇ ಇದಕ್ಕೆಲ್ಲ ಕಾರಣ.

ಕಳೆದ ತಿಂಗಳು 5ನೇ ಶೇಡಿನ ಕಂದು ಡೈಯನ್ನು 20 ವಾಲ್ಯೂಮ್ ಡೆವಲಪರ್ (ಡೈಗೆ ಬೆರೆಸುವ ಪೆರಾಕ್ಸೈಡ್ ದ್ರವ) ಜೊತೆ ಹಾಕಿದ್ದಾಯಿತು. ಬುಡದ ಎರಡು ಬೆರಳಿನಷ್ಟು ಭಾಗ ಕೆಂಚಾಯಿತು, ಕೆಳಗಿನದೆಲ್ಲ ಕಪ್ಪಾಗಿಯೇ ಉಳಿಯಿತು. ಈಗ 30 ಅಥವಾ 40 ವಾಲ್ಯೂಮ್ ಹಾಕಬೇಕೇ? ಪಾರ್ಲರಿನಲ್ಲಿ ಇಡೀ ತಲೆಗೆ ಬ್ಲೀಚ್ ಎನ್ನುತ್ತಾರೆ. ಕಲರ್ ರಿಮೂವರ್ ಎಂಬುದು ಕೆಲಸ ಮಾಡುತ್ತದೆಯೇ? ಸೊಸೈಟಿಗೆ ಬರುವುದು ಟ್ಯಾಂಕರ್ ನೀರು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.


ಮುಲುಂಡ್ ಕಲರಿಸ್ಟ್, ಮುಂಬೈ:

ಬುಡ ಕೆಂಚಾಗಿ ಉದ್ದ ಕಪ್ಪಾಗಿಯೇ ಉಳಿದದ್ದಕ್ಕೆ ಆ ಡೈ ಕೆಟ್ಟದ್ದೆಂದು ಅರ್ಥವಲ್ಲ. ಡೈ ಮೇಲೆ ಹಾಕಿದ ಡೈ ಬಣ್ಣವನ್ನು ತಿಳಿ ಮಾಡುವುದಿಲ್ಲ. ಡೆವಲಪರಿನ ಪೆರಾಕ್ಸೈಡ್ ಕೂದಲಿನ ಸಹಜ ಬಣ್ಣವನ್ನು, ಅಂದರೆ ಮೆಲನಿನ್ ಅನ್ನು, ಒಂದೆರಡು ಮೆಟ್ಟಿಲು ಎತ್ತುತ್ತದೆ, ಅಂದರೆ ತಿಳಿ ಮಾಡುತ್ತದೆ (ಶೇಡಿನ ನಂಬರಿನಲ್ಲಿ 1 ಕಪ್ಪು, ಅಂಕಿ ಏರಿದಂತೆ ಬಣ್ಣ ತಿಳಿ). ಒಳಗೆ ಕೂತಿರುವ ಡೈಯ ದೊಡ್ಡ ಅಣುಗಳ ಮೇಲೆ ಅದರ ಆಟ ನಡೆಯುವುದಿಲ್ಲ. ಹಾಗಾಗಿ ಹೊಸದಾಗಿ ಬೆಳೆದ ಬುಡ ಮಾತ್ರ ಎದ್ದಿತು. ನೆತ್ತಿಯ ಬಿಸಿಗೆ ಅದು ಇನ್ನಷ್ಟು ಬೇಗ ಎದ್ದು, ಕರಿಕೂದಲಿನ ಅಡಿಯಲ್ಲಿ ಯಾವಾಗಲೂ ಇರುವ ಕೆಂಪು-ಕಿತ್ತಳೆ ಹೊರಬಿತ್ತು. 30, 40 ವಾಲ್ಯೂಮ್ ಡೈ ಹಾಕಿದರೆ ಇದೇ ತೊಂದರೆ ದೊಡ್ಡದಾಗುತ್ತದೆ: ಬುಡ ಇನ್ನೂ ಕಿತ್ತಳೆ, ಉದ್ದ ಅದೇ ಕಪ್ಪು. 20 ವಾಲ್ಯೂಮ್ ಎಂದರೆ 6% ಪೆರಾಕ್ಸೈಡ್, 30 ಎಂದರೆ 9%, 40 ಎಂದರೆ 12%. ನಿಮ್ಮ ಕೆಲಸದಲ್ಲಿ ಎಲ್ಲಿಯೂ 20ನ್ನು ದಾಟುವ ಅಗತ್ಯವಿಲ್ಲ.

ಇನ್ನೊಂದು ವಿಷಯ, ನಿಮ್ಮ ತಲೆಯ ಮೇಲೆ ಇರುವುದು ಒಂದೇ ಬಗೆಯ ಕೂದಲಲ್ಲ. ಬುಡದಲ್ಲಿ ಕೆಂಚು ಪಟ್ಟಿ ಇದೆ, ಅದರ ಮೇಲೆ ಹೊಸ ಕೂದಲು ಬಿಳಿ-ಕಪ್ಪು ಬೆರೆತು ಬರುತ್ತಿದೆ. ನಡುಭಾಗಕ್ಕೆ ಹತ್ತಾರು ಸಲ ಡೈ ಬಿದ್ದಿದೆ. ತುದಿಗೆ ಅದಕ್ಕಿಂತಲೂ ಹೆಚ್ಚು, ಜೊತೆಗೆ ಮೆಹೆಂದಿ. ನಾಲ್ಕಕ್ಕೂ ಒಂದೇ ಬೌಲಿನಿಂದ ಒಂದೇ ಮಿಶ್ರಣ ಬಳಿಯುವ 'ಗ್ಲೋಬಲ್ ಬ್ಲೀಚ್' ನಿಮಗೆ ಸಲ್ಲದು. ಬುಡ ಹಳದಿಯಾಗುವ ಹೊತ್ತಿಗೆ ತುದಿ ಇನ್ನೂ ಇಟ್ಟಿಗೆ ಕೆಂಪಿನಲ್ಲಿರುತ್ತದೆ.

ಈ ಕ್ರಮದಲ್ಲಿ ಹೋಗಿ. ಮೊದಲು ಮೆಹೆಂದಿ ಭಾಗದ ಪರೀಕ್ಷೆ. ಅದು ಸರಿಯಿದ್ದರೆ ಕಲರ್ ರಿಮೂವರ್. ಅದು ಎಷ್ಟು ಕೊಡುತ್ತದೋ ನೋಡಿ, ಬೇಕಿದ್ದಲ್ಲಿ ಮಾತ್ರ ಮೃದು ಬ್ಲೀಚ್. ಕೊನೆಗೆ ಟೋನರ್, ಅಂದರೆ ಬೇಡದ ಕಿತ್ತಳೆಯನ್ನು ಅಡಗಿಸುವ ಬಣ್ಣ. ಬುಡಕ್ಕೆ ಬ್ಲೀಚ್ ಬೇಡವೇ ಬೇಡ.

ರಿಮೂವರ್ ಬಗ್ಗೆ ವಿವರವಾಗಿ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲೇ. ಅದು ಬ್ಲೀಚ್ ಅಲ್ಲ. ಆಮ್ಲಜನಕದಿಂದ ಒಂದಕ್ಕೊಂದು ಅಂಟಿಕೊಂಡು ದೊಡ್ಡದಾದ ಡೈಯ ಅಣುಗಳನ್ನು ಅದು ಮತ್ತೆ ಚಿಕ್ಕದಾಗಿಸುತ್ತದೆ. ಚಿಕ್ಕದಾದದ್ದು ನೀರಿನೊಂದಿಗೆ ಹೊರಬರಬೇಕು. ಒಳಗೇ ಉಳಿದರೆ ಗಾಳಿ ತಾಗಿ ಎರಡು ದಿನದಲ್ಲಿ ಮತ್ತೆ ಕಪ್ಪಾಗುತ್ತದೆ. 'ರಿಮೂವರ್ ಹಾಕಿದಾಗ ಚೆನ್ನಾಗಿತ್ತು, ಆಮೇಲೆ ಮೊದಲಿನಂತೆಯೇ ಆಯಿತು' ಎನ್ನುವವರ ಕೂದಲು ಸಾಕಷ್ಟು ತೊಳೆದಿರುವುದಿಲ್ಲ, ಅಷ್ಟೇ.

ಹಿಂದಿನ ದಿನದಿಂದ ಎಣ್ಣೆ, ಸೀರಂ, ಕಂಡಿಷನರ್ ಬೇಡ. ಜಿಡ್ಡೆಲ್ಲ ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂ ಹಾಕಿ ತೊಳೆದು ಪೂರ್ತಿ ಒಣಗಿಸಿ. ಎರಡು ಬಾಟಲಿಗಳನ್ನು ಪೆಟ್ಟಿಗೆ ಹೇಳಿದ ಅಳತೆಯಲ್ಲಿ ಬೆರೆಸಿ ಕೂಡಲೇ ಹಚ್ಚಬೇಕು, ಇಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ. ನಿಮ್ಮ ಉದ್ದಕ್ಕೆ ಒಂದು ಪೆಟ್ಟಿಗೆ ಸಾಲದು, ಎರಡು ತನ್ನಿ. ನಡುಭಾಗ ಮತ್ತು ತುದಿಗೆ ತೊಟ್ಟಿಕ್ಕುವಷ್ಟು ಧಾರಾಳವಾಗಿ ಹಚ್ಚಿ ಪ್ಲಾಸ್ಟಿಕ್ ಟೋಪಿ ಹಾಕಿ. ಸಮಯ ಪೆಟ್ಟಿಗೆಯ ಮೇಲಿದ್ದಷ್ಟು, ಸಾಮಾನ್ಯವಾಗಿ 20 ನಿಮಿಷದಿಂದ ಮೇಲಕ್ಕೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅದು ಗಂಧಕದ್ದು, ಗಾಬರಿ ಬೇಡ. ಕಿಟಕಿ ತೆರೆದಿಡಿ.

ಆಮೇಲೆ ತೊಳೆಯುವುದು. ಉಗುರುಬೆಚ್ಚಗಿನ ಹರಿಯುವ ನೀರಿನಲ್ಲಿ ಗಡಿಯಾರ ನೋಡಿ ಕನಿಷ್ಠ 15 ನಿಮಿಷ, ಕೂದಲನ್ನು ಭಾಗ ಭಾಗವಾಗಿ ಹಿಂಡುತ್ತಾ. ನಡುವೆ ಎರಡು ಸಲ ಶಾಂಪೂ. ಬಕೆಟ್ಟಿನಲ್ಲಿ ಚೊಂಬಿನಿಂದ ನಾಲ್ಕು ಸಲ ಸುರಿದುಕೊಂಡರೆ ಮುಗಿಯುವ ಕೆಲಸವಲ್ಲ. ಮುಗಿದ ಮೇಲೆ ಒಂದು ಎಳೆಗೆ 10 ವಾಲ್ಯೂಮ್ ಡೆವಲಪರ್ ಸವರಿ ಕಾಲು ಗಂಟೆ ಬಿಡಿ. ಕಪ್ಪು ತಿರುಗಿದರೆ ಡೈ ಇನ್ನೂ ಒಳಗಿದೆ, ಇನ್ನೊಂದು ಸುತ್ತು ತೊಳೆಯಿರಿ. ತಿರುಗದಿದ್ದರೆ ಆಯಿತು.

ಹೊರಬರುವ ಬಣ್ಣ ನಿಮ್ಮ ಮೂಲ ಬಣ್ಣವಾಗಿರುವುದಿಲ್ಲ. ಪ್ರತಿ ಸಲ ಡೈ ಹಾಕುವಾಗ ಅದರ ಪೆರಾಕ್ಸೈಡ್ ಮೆಲನಿನ್ ಅನ್ನು ಸ್ವಲ್ಪ ಸ್ವಲ್ಪ ತಿಂದಿರುತ್ತದೆ. ಹಾಗಾಗಿ ಕೆಂಪು ಕಂದು ಅಥವಾ ಕಿತ್ತಳೆ ಕಾಣುತ್ತದೆ, ಅಲ್ಲಲ್ಲಿ ಪಟ್ಟಿ ಪಟ್ಟಿಯಾಗಿ. ಅದನ್ನು ನೋಡಿ ಹೆದರಿ ಅದೇ ದಿನ ಕಂದು ಡೈ ಹಾಕಬೇಡಿ. ಎರಡು-ಮೂರು ದಿನ, ಸಾಧ್ಯವಾದರೆ ಒಂದು ವಾರ ಬಿಡಿ. ಹಾಕುವಾಗಲೂ ಬೇಕಾದ ಶೇಡಿಗಿಂತ ಒಂದು ಮೆಟ್ಟಿಲು ತಿಳಿಯಾದುದನ್ನೇ ಆರಿಸಿ. ರಿಮೂವರ್ ಆದ ಕೂದಲು ಬಣ್ಣವನ್ನು ಬಾಚಿ ಎಳೆದುಕೊಳ್ಳುತ್ತದೆ, 5 ಹಾಕಿದರೆ 3ರಂತೆ ಕೂರುತ್ತದೆ.


ಡೊಂಬಿವ್ಲಿ ರಸಾಯನ:

ಮೆಹೆಂದಿ ವಿಷಯವನ್ನು ಬಿಡಿಸಿ ಹೇಳುತ್ತೇನೆ, ಅಪಾಯ ಇರುವುದು ಅಲ್ಲೇ. 'ಕಪ್ಪು ಮೆಹೆಂದಿ' ಎಂದು ಮಾರುವ ಪುಡಿಯಲ್ಲಿ ಮೂರು ಬಗೆ ಇರಬಹುದು. ಮೊದಲನೆಯದು ಪಿಪಿಡಿ ಎಂಬ ಡೈ ರಾಸಾಯನಿಕ ಮತ್ತು ಬೇರಿಯಂ ಪೆರಾಕ್ಸೈಡ್ ಬೆರೆಸಿದ ಪುಡಿ. ಹೆಸರಷ್ಟೇ ಮೆಹೆಂದಿ, ವರ್ತನೆ ಕ್ರೀಮ್ ಡೈಯದ್ದೇ. ಎರಡನೆಯದು ನಿಜವಾದ ಮೆಹೆಂದಿಗೆ ಇಂಡಿಗೊ ಎಲೆಯ ಪುಡಿ ಸೇರಿಸಿದ್ದು. ಮೂರನೆಯದು ತಾಮ್ರ, ಸೀಸ, ಬೆಳ್ಳಿಯ ಲವಣ ಬೆರೆತದ್ದು. ಈ ಮೂರನೆಯದರ ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯಾಗಿ, ಹೊಗೆಯಾಡಿ, ಕೈಯಲ್ಲೇ ತುಂಡಾಗಬಹುದು.

ಪರೀಕ್ಷೆ ಸುಲಭ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಮೂರು ವರ್ಷದಲ್ಲಿ ಬೆಳೆದದ್ದು 36ರಿಂದ 45 ಸೆಂಟಿಮೀಟರ್. ಅಂದರೆ ನೆತ್ತಿಯಿಂದ ಟೇಪ್ ಹಿಡಿದು 35 ಸೆಂಟಿಮೀಟರ್ ದಾಟಿದ ಭಾಗದಲ್ಲೆಲ್ಲ ಮೆಹೆಂದಿ ಇರಬಹುದು ಎಂದೇ ತಿಳಿಯಿರಿ. ಆ ಭಾಗದಿಂದ, ಕತ್ತಿನ ಹಿಂದೆ ಒಂದು ಕಡೆ, ಮಧ್ಯದಲ್ಲಿ ಒಂದು ಕಡೆ, ಇಪ್ಪತ್ತು-ಮೂವತ್ತು ಎಳೆ ಕತ್ತರಿಸಿ ದಾರ ಕಟ್ಟಿ. ಗಾಜಿನ ಲೋಟದಲ್ಲಿ 30 ಮಿಲಿ 20 ವಾಲ್ಯೂಮ್ ಡೆವಲಪರ್, ಅದಕ್ಕೆ 20 ಹನಿ ಲಿಕ್ವಿಡ್ ಅಮೋನಿಯಾ. ಎಳೆಗಳನ್ನು ಅದರಲ್ಲಿ ಮುಳುಗಿಸಿ ಅರ್ಧ ಗಂಟೆ ಬಿಡಿ. ಅಮೋನಿಯಾ ಕಣ್ಣು ಮೂಗಿಗೆ ಖಾರ, ಕಿಟಕಿಯ ಬಳಿ ಕೈಗವಸು ಹಾಕಿಯೇ ಮಾಡಿ. ಸಿಗದಿದ್ದರೆ ಒಂದು ಚಮಚ ಬ್ಲೀಚ್ ಮಿಶ್ರಣದಲ್ಲೇ ಎಳೆಗಳನ್ನು ಅದ್ದಿ ನೋಡಿ.

ಲೋಟ ಬಿಸಿಯಾದರೆ, ನೊರೆಯೆದ್ದು ಕುದಿದರೆ, ಕಮಟು ವಾಸನೆ ಬಂದರೆ, ಹಾಕಿದ ತಕ್ಷಣ ಬಣ್ಣ ಬದಲಾದರೆ ಅಲ್ಲಿ ಲೋಹವಿದೆ. ಆ ಕೂದಲಿಗೆ ಬ್ಲೀಚೂ ಇಲ್ಲ, ಪೆರಾಕ್ಸೈಡ್ ಇರುವ ಡೈಯೂ ಇಲ್ಲ. ಕತ್ತರಿಯೊಂದೇ ದಾರಿ. ನಿಮ್ಮ ಅದೃಷ್ಟಕ್ಕೆ ಅದು ತುದಿಯ ಒಂದು ಗೇಣಿನಲ್ಲಷ್ಟೇ ಉಳಿದಿದೆ. ನಿಧಾನವಾಗಿ ತಿಳಿಯಾದರೆ ಮುಂದುವರಿಯಬಹುದು. ಏನೂ ಆಗದಿದ್ದರೆ ಬೆಳ್ಳಿಯ ಲವಣ ಇರಬಹುದು, ಆಗಲೂ ಮುಂದುವರಿಯಬೇಡಿ. ಹಸಿರು ಅಥವಾ ನೀಲಿ-ಹಸಿರು ಛಾಯೆ ಬಂದರೆ ಇಂಡಿಗೊ ಇದೆ. ಅದರ ಮೇಲೆ ರಿಮೂವರನ್ನು ನಂಬುವಂತಿಲ್ಲ, ಬಣ್ಣ ಮಾಯವಾದಂತೆ ಕಂಡರೂ ಗಾಳಿ ತಾಗಿ ಮತ್ತೆ ನೀಲಿಯಾಗುತ್ತದೆ. ಬ್ಲೀಚಿನಲ್ಲಿ ಹಸಿರು ಹಠ ಹಿಡಿದು ಕೂರುತ್ತದೆ. ಹಾಗಿದ್ದರೂ ತುದಿ ಕತ್ತರಿಸುವುದೇ ಮೇಲು.


ಬೆಳಗಾವಿಯವ, ಪಿಂಪರಿ:

ಅಕ್ಕಾರ, ನೀರಿನ ವಿಷಯ ಹಗುರ ತಗೋಬ್ಯಾಡ್ರಿ. ಟ್ಯಾಂಕರ್ ನೀರು ಅಂದ್ರ ಭಾಳಷ್ಟು ಬೋರಿನ ನೀರ. ನಳದ ಬಾಯಿಗೆ ಬೆಳ್ಳಗ ಗಟ್ಟಿ ಪದರ ಕಟ್ಟಿದ್ರ ಕ್ಯಾಲ್ಸಿಯಂ, ಬಕೆಟ್ಟಿನ ಒಳಗ ಕಂದು ಗೆರಿ ಬಿದ್ದಿದ್ರ ಕಬ್ಬಿಣ. ಈ ಖನಿಜ ಕೂದಲಿನ್ಯಾಗ ಕುಂತಿರತಾವ. ಕಬ್ಬಿಣ, ತಾಮ್ರ ಪೆರಾಕ್ಸೈಡನ್ನ ಒಮ್ಮೆಲೆ ಒಡೀತಾವ, ಬಣ್ಣ ಏಳೂದಕ್ಕಿಂತ ಮೊದಲ ಕೂದಲ ಹಾಳಾಗತದ. ಅದಕ್ಕ ರಿಮೂವರ್ ಹಾಕೂ ಮೊದಲಿನ ವಾರ ಎರಡು ಸಲ ಕೀಲೇಟಿಂಗ್ ಶಾಂಪೂ (ಖನಿಜ ಹಿಡಿದು ತಗಿಯೂ ಶಾಂಪೂ) ಹಾಕ್ರಿ, ಬಾಟಲಿ ಹಿಂದ ಇಡಿಟಿಎ ಅಂತ ಮೊದಲ ಸಾಲಿನ್ಯಾಗ ಇರಬೇಕು. ಹಚ್ಚಿ ಐದು ನಿಮಿಷ ಬಿಟ್ಟು ತೊಳೀರಿ. ಶವರಿಗೆ ಹಾಕೂ ಫಿಲ್ಟರ್ ಬಹುತೇಕ ಕ್ಲೋರಿನ್ ಅಷ್ಟ ತಗೀತದ, ಗಡಸುತನ ತಗಿಯೂದಿಲ್ಲ, ಅದನ್ನ ನಂಬಿ ರೊಕ್ಕ ಹಾಕಬ್ಯಾಡ್ರಿ. ರಿಮೂವರ್ ತೊಳಿಯೂ ದಿನ ಕಾರ್ಪೊರೇಷನ್ ನೀರು ಬರೂ ಮನ್ಯಾಗ, ಯಾರರೆ ನೆಂಟರ ಕಡೆ ಹೋಗಿ ಮಾಡಿದ್ರ ಭಾಳ ಚಲೋ. ಕೀಲೇಟಿಂಗ್ ಶಾಂಪೂ, ಡೆವಲಪರ್ ಎಲ್ಲಾ ರವಿವಾರ ಪೇಟೆಯ ಪಾರ್ಲರ್ ಸಾಮಾನಿನ ಅಂಗಡ್ಯಾಗ ಸಿಗತಾವ.


ವಾಕಡ್ ಕನ್ನಡತಿ, ಪುಣೆ:

ಎಲ್ಲರಿಗೂ ತುಂಬಾ ಧನ್ಯವಾದ. ಟೇಪ್ ಹಿಡಿದು ನೋಡಿದರೆ ಉದ್ದ 50 ಸೆಂಟಿಮೀಟರ್ ಇದೆ. ಇನ್ನೂ ಮೂರು ಪ್ರಶ್ನೆ. ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಶಾಂಪೂ ಜೊತೆ ಹಚ್ಚುವುದು, ನಿಂಬೆರಸ, ಅಡುಗೆ ಸೋಡಾ, ಇವುಗಳಿಂದ ಏನಾದರೂ ಆಗುತ್ತದೆಯೇ? ರಿಮೂವರ್ ಆದ ಮೇಲೂ ಕಪ್ಪು ಉಳಿದರೆ ಬ್ಲೀಚ್ ಅಳತೆ ಎಷ್ಟು? ಬುಡದ ಬಿಳಿಕೂದಲು ಮತ್ತು ಕೆಂಚು ಪಟ್ಟಿಗೆ ಏನು ಮಾಡಲಿ?


ಮುಲುಂಡ್ ಕಲರಿಸ್ಟ್, ಮುಂಬೈ:

ವಿಟಮಿನ್ ಸಿ ತಾತ್ಕಾಲಿಕ ಬಣ್ಣಕ್ಕೆ, ಹೊಸದಾಗಿ ಹಾಕಿ ತೀರಾ ಗಾಢವಾದ ಡೈಗೆ ಸ್ವಲ್ಪ ಕೆಲಸ ಮಾಡುತ್ತದೆ. ಮೂರು ವರ್ಷದ ಪದರಕ್ಕೆ ಅದು ಸಾಲದು. ನೋಡಲೇಬೇಕೆಂದರೆ ಶುದ್ಧ ಆಸ್ಕಾರ್ಬಿಕ್ ಆಮ್ಲದ ಪುಡಿ ತನ್ನಿ. ಕೆಮಿಸ್ಟ್ ಅಂಗಡಿಯ ಚೀಪುವ ಕಿತ್ತಳೆ ಮಾತ್ರೆಯಲ್ಲಿ ಸಕ್ಕರೆಯೂ ಬಣ್ಣವೂ ಇರುತ್ತವೆ. ನಿಂಬೆರಸ ಹಚ್ಚಿ ಬಿಸಿಲಿಗೆ ಕೂತರೆ ಕೂದಲು ಒಣಗುತ್ತದೆ, ಡೈ ಅಲುಗುವುದಿಲ್ಲ. ಅಡುಗೆ ಸೋಡಾ ಹೊರಪದರದ ಪೊರೆ ಎಬ್ಬಿಸಿ ಒರಟು ಮಾಡುತ್ತದೆ, ಪಾತ್ರೆ ತೊಳೆಯುವ ಸೋಪೂ ಅಷ್ಟೇ. ಆಮೇಲೆ ನಿಜವಾದ ಕೆಲಸಕ್ಕೆ ಇಳಿದಾಗ ಕೂದಲಲ್ಲಿ ತ್ರಾಣವೇ ಇರುವುದಿಲ್ಲ.

ರಿಮೂವರ್ ಆದ ಮೇಲೂ ಕಪ್ಪು ಉಳಿಯುವ ಕಡೆ ಸಾಮಾನ್ಯವಾಗಿ ತುದಿ. ಅಲ್ಲಿಗೆ ಸೋಪ್ ಕ್ಯಾಪ್ ಎನ್ನುವ ಮೃದು ಬ್ಲೀಚ್ ಮಾಡಿ. ಬ್ಲೀಚ್ ಪುಡಿ 30 ಗ್ರಾಂ, 20 ವಾಲ್ಯೂಮ್ ಡೆವಲಪರ್ 60 ಮಿಲಿ, ಅದರ ಮೇಲೆ ಸಾದಾ ಶಾಂಪೂ 30 ಮಿಲಿ. ಸ್ಟೀಲ್ ಬಟ್ಟಲು ಬೇಡ, ಪ್ಲಾಸ್ಟಿಕ್ ಬಟ್ಟಲು ಮತ್ತು ಬ್ರಷ್. ಟವೆಲ್ಲಿನಲ್ಲಿ ಒತ್ತಿದ ಒದ್ದೆ ಕೂದಲಿಗೆ, ಕಪ್ಪು ಹೆಚ್ಚಿರುವ ಜಾಗದಿಂದ ಶುರು ಮಾಡಿ. ಪ್ರತಿ ಐದು ನಿಮಿಷಕ್ಕೊಮ್ಮೆ ಒಂದು ಎಳೆಯನ್ನು ಟಿಶ್ಯೂ ಕಾಗದದಿಂದ ಒರೆಸಿ ಬಣ್ಣ ನೋಡಿ. ಮಿಶ್ರಣ ಬಳಿದಿರುವಾಗ ಕಾಣುವ ಬಣ್ಣ ಮೋಸ ಮಾಡುತ್ತದೆ. 20 ನಿಮಿಷ ದಾಟಬೇಡಿ, ಡ್ರೈಯರ್ ಬಿಸಿ ಕೊಡಬೇಡಿ.

ಎಲ್ಲಿ ನಿಲ್ಲಿಸಬೇಕು ಎಂಬುದು ಇಡೀ ಕೆಲಸದ ಜೀವಾಳ. ಕೂದಲು ಏಳುವಾಗ ಕಪ್ಪಿನಿಂದ ಕೆಂಗಂದು, ಅಲ್ಲಿಂದ ಕೆಂಪು, ಕೆಂಪು-ಕಿತ್ತಳೆ, ಕಿತ್ತಳೆ, ಹಳದಿ ಹೀಗೆ ಹೋಗುತ್ತದೆ. ನಿಮಗೆ ಬೇಕಾದದ್ದು 5 ಅಥವಾ 6, ಅಂದರೆ ಕೆಂಪು-ಕಿತ್ತಳೆ ಕಂಡ ಕೂಡಲೇ ತೊಳೆಯಬೇಕು. ಕನ್ನಡಿಯಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲ ಎಂದು ಹಳದಿಯವರೆಗೆ ಎಳೆಯುವವರಿದ್ದಾರೆ. ಆಮೇಲೆ ಅದರ ಮೇಲೆ ಕಂದು ಹಾಕಿದರೆ ಹಿಡಿಯಲು ಕೆಳಗೆ ಬಣ್ಣವೇ ಇರುವುದಿಲ್ಲ, ಮಣ್ಣು ಬಣ್ಣಕ್ಕೆ ತಿರುಗಿ ನಾಲ್ಕು ತೊಳೆತಕ್ಕೆ ಹೋಗಿಬಿಡುತ್ತದೆ. ಆ ಕಿತ್ತಳೆಯೇ ಕಂದಿನ ಅಡಿಪಾಯ.

ಶುರು ಮಾಡುವ ಮೊದಲೂ ನಡುವೆಯೂ ಒಂದು ಒದ್ದೆ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಆರೋಗ್ಯವಾಗಿದ್ದರೆ ಮೂರರಲ್ಲೊಂದು ಪಾಲಿನಷ್ಟು ಹಿಗ್ಗಿ ಹಿಂದಕ್ಕೆ ಬರುತ್ತದೆ. ಬಬಲ್‌ಗಮ್ಮಿನಂತೆ ಎಳೆದಷ್ಟೂ ಬಂದು ಮರಳದಿದ್ದರೆ, ಅಥವಾ ಪಟ್ಟೆಂದು ತುಂಡಾದರೆ, ಅಲ್ಲಿಗೆ ನಿಲ್ಲಿಸಿ. ಸೋಪ್ ಕ್ಯಾಪನ್ನು ಎರಡನೆಯ ಸಲ ಮಾಡಬೇಕಾದರೆ ನಡುವೆ ಎರಡು ವಾರ ಇರಲಿ.

ಟೋನರ್: ಕಿತ್ತಳೆಯನ್ನು ಅಡಗಿಸುವುದು ನೀಲಿ, ಹಳದಿಯನ್ನು ನೇರಳೆ. ಅಂಗಡಿಯ ನೇರಳೆ ಶಾಂಪೂ ನಿಮ್ಮ ಬಣ್ಣಕ್ಕೆ ಉಪಯೋಗವಿಲ್ಲ, ನೀಲಿಯದ್ದು ಬೇಕು. 6ನೇ ನ್ಯಾಚುರಲ್ ಮತ್ತು 6ನೇ ಆ್ಯಶ್ (ಕೆಂಪು-ಕಿತ್ತಳೆ ತಗ್ಗಿಸುವ ಬೂದು ಛಾಯೆ) ಸಮ ಸಮ ಬೆರೆಸಿ, 10 ವಾಲ್ಯೂಮ್ ಅಥವಾ ಅದಕ್ಕೂ ಕಡಿಮೆಯ ಡೆವಲಪರಿನಲ್ಲಿ ಅಮೋನಿಯಾ ಇಲ್ಲದ, ತಾನಾಗಿ ಮಾಸುವ ಡೆಮಿ ಬಣ್ಣವಾಗಿ 20 ನಿಮಿಷ. ಬರೀ ಆ್ಯಶ್ ಹಾಕಿದರೆ ಬ್ಲೀಚಾದ ತುದಿ ಅದನ್ನು ಹೀರಿ ಹಸಿರು ಮಸುಕಾಗುತ್ತದೆ. ಆ್ಯಶ್ ಎಂಬುದಕ್ಕೆ ಶೇಡ್ ನಂಬರಿನಲ್ಲಿ ಚುಕ್ಕಿಯ ನಂತರದ ಅಂಕಿ ಕಂಪನಿಯಿಂದ ಕಂಪನಿಗೆ ಬೇರೆ, ಡಬ್ಬಿಯ ಮೇಲೆ ಹೆಸರು ಓದಿಕೊಂಡು ಕೊಳ್ಳಿ.

ಬುಡ: ಹೊಸದಾಗಿ ಬಂದ ಬಿಳಿ-ಕಪ್ಪು ಕೂದಲಿಗೆ 5ನೇ ನ್ಯಾಚುರಲ್ ಮತ್ತು 5ನೇ ಆ್ಯಶ್ ಸಮ ಸಮ, 20 ವಾಲ್ಯೂಮ್, 35ರಿಂದ 40 ನಿಮಿಷ. ಬಿಳಿಕೂದಲು ಹಟಮಾರಿ, ಸಮಯ ಕಡಿತ ಮಾಡಿದರೆ ಬಣ್ಣ ನಿಲ್ಲುವುದಿಲ್ಲ. ನ್ಯಾಚುರಲ್ ಶೇಡ್ ಇಲ್ಲದೆ ಆ್ಯಶ್, ಕೆಂಪಿನಂಥ ಬರೀ ಫ್ಯಾಷನ್ ಶೇಡ್ ಹಾಕಿದರೆ ಬಿಳಿ ಪಾರದರ್ಶಕವಾಗಿ ಹಾಗೇ ಕಾಣುತ್ತದೆ. ಕೆಂಚು ಪಟ್ಟಿಗೆ ಇದೇ ಎರಡು ಶೇಡುಗಳ ಡೆಮಿ ಬಣ್ಣವನ್ನು 10 ವಾಲ್ಯೂಮಿನಲ್ಲಿ ಕೊನೆಯ 15 ನಿಮಿಷ ಹಚ್ಚಿದರೆ ಸಾಕು, ಅದು ಈಗಾಗಲೇ ಎದ್ದಿದೆ. ಮುಂದಿನ ಟಚ್-ಅಪ್‌ಗಳಲ್ಲಿ ಬುಡಕ್ಕೆ ಮಾತ್ರ ಹಚ್ಚಿ. ಪ್ರತಿ ಸಲ ತುದಿಯವರೆಗೆ ಎಳೆದದ್ದರಿಂದಲೇ ಇಷ್ಟು ಪದರ ಕೂತಿದ್ದು.

ಬೈತಲೆಯ ಬಿಳಿ ಗೆರೆಯೇ ಮುಖ್ಯ ಚಿಂತೆಯಾದರೆ ಒಟ್ಟು ಕಂದಿಗಿಂತ ಇನ್ನೂ ಒಳ್ಳೆಯ ಉಪಾಯವಿದೆ. ಬಣ್ಣ 5ಕ್ಕೆ ಬಂದ ಮೇಲೆ ಮುಂದಲೆ ಮತ್ತು ಬೈತಲೆಯ ಎರಡೂ ಬದಿಗೆ ತೀರಾ ಸಣ್ಣ ಎಳೆಗಳ ಹೈಲೈಟ್, ಫಾಯಿಲಿನಲ್ಲಿ ಮಾಡಿಸಿ. ಬಿಳಿಕೂದಲು ಆ ತಿಳಿ ಎಳೆಗಳೊಂದಿಗೆ ಬೆರೆತು ಹೋಗುತ್ತದೆ. ಇದನ್ನು ಮನೆಯಲ್ಲಿ ಮಾಡಿಕೊಳ್ಳುವುದು ಕಷ್ಟ. ಪಾರ್ಲರಿಗೆ ಹೋದಾಗ ಡೈ, ಮೆಹೆಂದಿ, ರಿಮೂವರ್ ಎಲ್ಲವನ್ನೂ ಒಂದೂ ಬಿಡದೆ ಹೇಳಿ. ಒಂದು ಎಳೆಯ ಮೇಲೆ ಪರೀಕ್ಷೆ ಮಾಡದೆ ಬ್ಲೀಚ್ ಕಲಸುವ ಕಡೆ ಕೂರಬೇಡಿ.


ಮಡಗಾಂವ್ ಕೇಶಾಲಂಕಾರ, ಗೋವಾ:

ಮೇಲಿನದ್ದೆಲ್ಲ ಸರಿ. ಅಲರ್ಜಿ ಪರೀಕ್ಷೆ ಯಾರೂ ಹೇಳಲಿಲ್ಲ. ಡೈಯನ್ನು ಮೊಳಕೈ ಒಳಮಡಿಕೆಯಲ್ಲಿ ಅಥವಾ ಕಿವಿಯ ಹಿಂದೆ ಹಚ್ಚಿ 48 ಗಂಟೆ ನೋಡಿ. ವರ್ಷಗಟ್ಟಲೆ ಒಗ್ಗಿದ್ದ ಪಿಪಿಡಿ ಒಂದು ದಿನ ಇದ್ದಕ್ಕಿದ್ದಂತೆ ಒಗ್ಗದೆ ಹೋಗಬಹುದು. ಬ್ಲೀಚ್ ಪುಡಿಯ ಪರ್ಸಲ್ಫೇಟ್ ಗಾಳಿಯಲ್ಲಿ ಹಾರುತ್ತದೆ. ದಮ್ಮು, ಉಬ್ಬಸ ಇರುವವರು ಅದನ್ನು ಕಲಸುವ ಕೋಣೆಯಲ್ಲೇ ಇರಬಾರದು.

ಆಮೇಲಿನ ಆರೈಕೆ. ಬ್ಲೀಚಾದ ಕೂದಲು ನೀರನ್ನು ಬೇಗ ಹೀರುತ್ತದೆ, ತಡವಾಗಿ ಬಿಡುತ್ತದೆ. ಕೊಂಕಣದ ಮಳೆಗಾಲದಲ್ಲಿ ಒದ್ದೆ ಕೂದಲನ್ನು ಹಾಗೇ ತುರುಬು ಕಟ್ಟಿದರೆ ಗಂಟು ಹಾಕಿದ ಜಾಗದಲ್ಲೇ ಮುರಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಒತ್ತಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಿ. ತಲೆಗೆ ನೀರು ಹಾಕುವ ಹಿಂದಿನ ರಾತ್ರಿ ತುದಿಗೆ ತೆಂಗಿನೆಣ್ಣೆ ಹಚ್ಚುವುದಕ್ಕೆ ಆಧಾರವಿದೆ. 2003ರಲ್ಲಿ ಮುಂಬೈನ ಮ್ಯಾರಿಕೊ ಕಂಪನಿಯ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದಾಗ ಕೂದಲಿನ ಪ್ರೋಟೀನ್ ಸೋರಿಕೆ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ, ಬ್ಲೀಚಾದ ಕೂದಲಲ್ಲೂ. ಅದು ತೆಂಗಿನೆಣ್ಣೆ ಮಾರುವ ಕಂಪನಿ ಎಂಬುದು ನೆನಪಿರಲಿ. ಆದರೂ ಈ ಎಣ್ಣೆ ಕೂದಲಿನ ಒಳಕ್ಕೆ ಇಳಿಯುತ್ತದೆ ಎಂಬುದು ಗಟ್ಟಿ ವಿಷಯ.

ಟೋನರ್ ಹಾಕಿದ ಮೊದಲ ಎರಡು ವಾರ ಈಜುಕೊಳ, ಸಮುದ್ರ ಬೇಡ. ಕ್ಲೋರಿನ್ ನೀರಿನಲ್ಲಿ ತಾಮ್ರವಿದ್ದರೆ ತಿಳಿಯಾದ ಕೂದಲಿಗೆ ಹಸಿರು ಹಿಡಿಯುತ್ತದೆ. ಹೋಗಲೇಬೇಕಾದರೆ ಮೊದಲೇ ಒಳ್ಳೆಯ ನೀರಿನಲ್ಲಿ ಕೂದಲು ತೋಯಿಸಿ ಕಂಡಿಷನರ್ ಹಚ್ಚಿ, ಆಗಲೇ ತೋಯ್ದ ಕೂದಲು ಕೊಳದ ನೀರನ್ನು ಕಡಿಮೆ ಹೀರುತ್ತದೆ. ಡೆಮಿ ಬಣ್ಣ ತಾನಾಗಿ ಮಾಸುತ್ತದೆ, ಆರರಿಂದ ಎಂಟು ವಾರಕ್ಕೊಮ್ಮೆ ಅದನ್ನಷ್ಟೇ ಮತ್ತೆ ಹಾಕಿ. ಕಿತ್ತಳೆ ಇಣುಕಿತೆಂದು ಪುನಃ ಬ್ಲೀಚ್ ಮುಟ್ಟಬೇಡಿ.

ಉಳಿದ ಬ್ಲೀಚ್ ಮಿಶ್ರಣವನ್ನು ಮುಂದಿನ ಸಲಕ್ಕೆಂದು ಬಾಟಲಿಯಲ್ಲಿ ಮುಚ್ಚಿಡಬೇಡಿ. ಅದರಿಂದ ಆಮ್ಲಜನಕ ಬಿಡುಗಡೆಯಾಗುತ್ತಲೇ ಇರುತ್ತದೆ, ಬಾಟಲಿ ಸಿಡಿಯುತ್ತದೆ. ಧಾರಾಳ ನೀರು ಬೆರೆಸಿ ಮೋರಿಗೆ ಚೆಲ್ಲಿ. ಬರೀ ಡೆವಲಪರ್ ಉಳಿದಿದ್ದರೆ ಅದರ ಮುಚ್ಚಳ ಬಿಗಿದು, ಬಿಸಿಲು ಬೀಳದ ಕಪಾಟಿನಲ್ಲಿಡಿ.